ಆಕಾಶ ಮಾರ್ಗವಾಗಿ ಕೂಡ್ಲಿಗಿ

ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದ ರಾಮಣ್ಣನವರು ಒಂದು ಸೈಕಲ್ಲಿಗೂ ತಾಗಿಸಿದವರಲ್ಲ. ಎಮ್ಮೆಗೂ ಇಲ್ಲ, ಎಮ್ಮೆಯ ಬಾಲಕ್ಕೂ ಇಲ್ಲ. ಹಡಗಲಿ ರಸ್ತೆಯಲ್ಲಿ ಎದುರಾದ ಕುರಿಹಿಂಡಿನ ನಡುವೆ ಬಸ್ಸು ನುಗ್ಗಿಸಿ, ಒಂದು ಕುರಿಯೂ ಮೇಯುವುದನ್ನು ಬಿಟ್ಟು ತಲೆಯೆತ್ತದ ಹಾಗೆ ಆಚೆ ದಾಟಿಸುತ್ತಿದ್ದರು ಎಂದು ಅವರ ಕಾಲದ ಕಂಡಕ್ಟರುಗಳು ಈಗಲೂ ಹೇಳುತ್ತಾರೆ. ಕಂಡಕ್ಟರುಗಳ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿದರೂ ಅಪಘಾತವಿಲ್ಲದ ಸೇವೆಗೆ ನಿಗಮ ಕೊಟ್ಟ ಬೆಳ್ಳಿ ಪದಕ ಸುಳ್ಳಲ್ಲ. ಅದು ಕೂಡ್ಲಿಗಿ ತಾಲ್ಲೂಕಿನ ಕರಿಗುಂಡಿನಹಳ್ಳಿಯಲ್ಲಿ, ಅವರ ಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ ಇಂದಿಗೂ ನೇತಾಡುತ್ತಿದೆ.

ಅಂಥ ರಾಮಣ್ಣನವರು ಅರವತ್ತೊಂದನೆಯ ವಯಸ್ಸಿನಲ್ಲಿ, ಸ್ವಂತ ಮನೆಯ ಮಂಚದ ಮೇಲೆ ಕೂತು, ವಾರಕ್ಕೆ ನಾಲ್ಕು ಬಸ್ಸಿಗೆ ಗುದ್ದುವಂತಾದರು.

ಆದದ್ದು ಇಷ್ಟು. ನಿವೃತ್ತಿಯ ನಂತರ ಅವರ ಬಲಗಾಲು ಸುಮ್ಮನೆ ಕೂರಲು ಒಪ್ಪಲಿಲ್ಲ. ಊಟಕ್ಕೆ ಕೂತರೆ ಬ್ರೇಕು ಒತ್ತುತ್ತಿತ್ತು, ನಿದ್ದೆಯಲ್ಲಿ ಮಂಚದ ಪಟ್ಟಿಯನ್ನು ಒದೆಯುತ್ತಿತ್ತು. ಅದನ್ನು ನೋಡಲಾರದೆ ಮಗಳು ಕ್ರಾಂತಿ ಅವರ ಮೊಬೈಲಿನಲ್ಲಿ ಬಸ್ಸು ಓಡಿಸುವ ಆಟವೊಂದನ್ನು ಹಾಕಿಕೊಟ್ಟಳು. ಬೇರೆ ಬೇರೆ ಊರಿನ ಜನ ತಮ್ಮ ತಮ್ಮ ಮನೆಯಲ್ಲೇ ಕೂತು, ಒಂದೇ ರಸ್ತೆಯಲ್ಲಿ, ಒಬ್ಬರ ಹಿಂದೆ ಒಬ್ಬರು ಬಸ್ಸು ಓಡಿಸುವ ಆಟ. ರಾಮಣ್ಣನವರು ಮೊಬೈಲನ್ನು ಹೆಂಡತಿ ಕನಕಮ್ಮನವರ ಹಿಟ್ಟಿನ ಜರಡಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಜರಡಿಯನ್ನೇ ಸ್ಟೇರಿಂಗ್ ಮಾಡಿಕೊಂಡರು. ಖಾಕಿ ಅಂಗಿ ತೊಟ್ಟರು. ಅಂದಿನಿಂದ ಕನಕಮ್ಮನವರು ಹಿಟ್ಟು ಜರಡಿ ಹಿಡಿಯುವ ಹೊತ್ತನ್ನು ಬಸ್ಸಿನ ಟೈಮ್ ಟೇಬಲ್ ನೋಡಿ ಗೊತ್ತುಮಾಡಬೇಕಾಯಿತು.

ಅವರು ಸೇರಿಕೊಂಡ ಗುಂಪಿಗೆ ನಮ್ಮ ಕಡೆಯದೇ ಆದ ಅರಸೀಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗುರುಬಸವರಾಜ ಮುಖ್ಯಸ್ಥ. ವಯಸ್ಸು ಮೂವತ್ತೈದು, ದನಿ ಮಾತ್ರ ಡಿಪೋ ಮ್ಯಾನೇಜರದು. ಈ ಪುಣ್ಯಾತ್ಮ ಎರಡು ವರ್ಷ ಕೂತು ನಮ್ಮದೇ ರಸ್ತೆಯ ನಕ್ಷೆಯನ್ನು ಆಟದೊಳಗೆ ಕಟ್ಟಿದ್ದ: ಹಡಗಲಿಯಿಂದ ಹೊರಟು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ. ಗುಂಪಿನಲ್ಲಿ ಹನ್ನೆರಡು ಬಸ್ಸು. ಹನ್ನೊಂದು ನಮ್ಮ ಸೀಮೆಯವು. ಹನ್ನೆರಡನೆಯದು ಇಂಡೋನೇಷ್ಯಾದ ಒಂದು ದ್ವೀಪದ ದೇವಿ ಎಂಬ ಹೆಣ್ಣುಮಗಳದು. ಸಮುದ್ರದ ನಡುವೆ ಹುಟ್ಟಿದವಳಿಗೆ ಹಗರಿಬೊಮ್ಮನಹಳ್ಳಿಯ ಮೇಲೆ ಯಾಕೆ ಪ್ರೀತಿ ಬಂತೋ ಯಾರಿಗೂ ತಿಳಿಯದು. ನಮಗೇ ಬಂದಿಲ್ಲ.

ಗುಂಪಿನ ನಿಯಮ ಒಂದೇ. ಒಂದು ಓಟದಲ್ಲಿ ಎರಡು ಸಲ ಇನ್ನೊಂದು ಬಸ್ಸಿಗೆ ತಾಗಿಸಿದರೆ ಹೊರಗೆ.

ಇಲ್ಲೇ ಕರಿಗುಂಡಿನಹಳ್ಳಿ ಕೈಕೊಟ್ಟಿತು. ಊರಿನ ಮೂರು ಕಡೆ ಆನೆಗಾತ್ರದ ಬಂಡೆಗಳ ಗುಡ್ಡ. ನೆಟ್‌ವರ್ಕ್ ಎಂಬುದು ಆ ಬಂಡೆಗಳ ಸಂದಿನಿಂದ ಉಡದ ಹಾಗೆ ಇಣುಕಿ, ಮನುಷ್ಯರನ್ನು ಕಂಡು ಒಳಗೆ ಹೋಗುತ್ತಿತ್ತು. ರಾಮಣ್ಣನವರು ಇಲ್ಲಿ ಬ್ರೇಕು ಒತ್ತಿದರೆ ಆ ಸುದ್ದಿ ಆಟಕ್ಕೆ ತಲುಪುವಷ್ಟರಲ್ಲಿ ಎರಡು ಸೆಕೆಂಡು. ಅವರ ಕಣ್ಣಿಗೆ ಮುಂದಿನ ಬಸ್ಸು ನಲವತ್ತು ಅಡಿ ದೂರ. ಉಳಿದವರ ಕಣ್ಣಿಗೆ ಇವರ ಬಸ್ಸು ಆಗಲೇ ಮುಂದಿನದರ ಹಿಂದಿನ ಸೀಟಿನಲ್ಲಿ ಕೂತಿರುತ್ತಿತ್ತು.

"ರಾಮಣ್ಣಾರ, ಏನ್ರಿ ಇದು? ಲೈಸೆನ್ಸ್ ಐತಿಲ್ರಿ ನಿಮಗ?" ಎಂದು ಗುರುಬಸವರಾಜ ಆಟದ ಮೈಕಿನಲ್ಲಿ, ಹನ್ನೆರಡು ಜನರ ಕಿವಿಯೊಳಗೆ ಕೇಳಿಬಿಟ್ಟ.

ಆ ಮಾತು ರಾಮಣ್ಣನವರಿಗೆ ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ಊರ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ನೋಡಿದರು, ಬಂಡೆಯ ನೆತ್ತಿಗೆ ಜರಡಿ ಸಮೇತ ಹತ್ತಿ ನೋಡಿದರು. ಎಲ್ಲಿ ಕೂತರೂ ತಾಗಿತು. ಶ್ರಾವಣದ ಕೊನೆಯ ವಾರ ಅವರನ್ನು ಗುಂಪಿನಿಂದ ಹೊರಗೆ ಹಾಕಿದರು.

ಅವತ್ತು ಅವರು ಊಟ ಬಿಡಲಿಲ್ಲ. ಆದರೆ ಗೋಡೆಯ ಪದಕವನ್ನು ತೆಗೆದು ಟ್ರಂಕಿನೊಳಗೆ ಇಟ್ಟರು.

"ಆಟಕ್ಕ ಯಾರರ ಹಿಂಗ ಮಾಡತಾರೇನ್ರಿ?" ಎಂದರು ಕನಕಮ್ಮ.

"ನಿನಗ ಆಟ. ಅವ್ರು ಕೇಳಿದ್ದು ಡ್ರೈವರಿಕಿ," ಎಂದರು ರಾಮಣ್ಣ.

ಕನಕಮ್ಮನವರು ಟ್ರಂಕಿನಿಂದ ಪದಕ ತೆಗೆದು ಮತ್ತೆ ಮೊಳೆಗೆ ತೂಗುಹಾಕಿದರು.

ಕ್ರಾಂತಿ ಮನೆಯಿಂದಲೇ ಕೆಲಸ ಮಾಡುವವಳು. ಆಸ್ಪತ್ರೆಯೊಂದರ ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ನೌಕರಿ. ಉಡದಂಥ ನೆಟ್‌ವರ್ಕಿನಿಂದ ಅವಳಿಗೂ ಸಾಕಾಗಿತ್ತು. ಭಾದ್ರಪದದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಬಿಳಿಯದೊಂದು ಚಪ್ಪಟೆ ತಾಟು, ಅದಕ್ಕೆ ನಾಲ್ಕು ಕಾಲು, ಉದ್ದದ ಒಂದು ವೈರು. ಅದನ್ನು ಮಾಳಿಗೆಯ ಮೇಲಿಟ್ಟು, ಆಕಾಶಕ್ಕೆ ಮುಖ ಮಾಡಿ, ವೈರು ಕೆಳಗಿಳಿಸಿದಳು. ಕಂಬವಿಲ್ಲ, ಗುಂಡಿ ತೋಡಲಿಲ್ಲ, ಯಾವ ಆಫೀಸಿನವರೂ ಬಂದು ಚಹ ಕುಡಿಯಲಿಲ್ಲ. ಹತ್ತು ನಿಮಿಷದಲ್ಲಿ ಮನೆಗೆ ಇಂಟರ್‌ನೆಟ್ ಬಂತು.

ರಾಮಣ್ಣನವರು ತಾಟಿನ ಸುತ್ತ ಒಂದು ಸುತ್ತು ಹಾಕಿದರು. ಹೊಸ ಬಸ್ಸು ಬಂದಾಗ ಟಯರು ಒದ್ದು ನೋಡುವ ಅಭ್ಯಾಸ. ಒದೆಯಲು ಇದಕ್ಕೇನೂ ಇರಲಿಲ್ಲ.

"ಟಿವಿ ಡಿಶ್ ಇದ್ದಂಗ ಐತಲ್ಲವ್ವಾ?"

"ಅಲ್ಲಪ್ಪಾ. ಟಿವಿ ಸ್ಯಾಟಲೈಟ್ ಮೂವತ್ತಾರು ಸಾವಿರ ಕಿಲೋಮೀಟರ್ ಮ್ಯಾಲೆ ಒಂದ ಕಡಿ ನಿಂತಂಗ ಇರತೈತಿ. ಬ್ರೇಕಿನ ಸುದ್ದಿ ಅಲ್ಲಿಗೆ ಹೋಗಿ ಬರೋದ್ರಾಗ ನಿನ್ನ ಬಸ್ಸು ಮತ್ತ ಗುದ್ದತೈತಿ. ಇದರ ಸ್ಯಾಟಲೈಟ್‌ಗೋಳು ಬರೇ ಐನೂರೈವತ್ತು ಕಿಲೋಮೀಟರ್ ಮ್ಯಾಲೆ ಅದಾವ. ನಿಂದರಂಗಿಲ್ಲ, ಓಡತಾವ."

"ಸ್ಪೀಡ್ ಎಷ್ಟು?"

"ತಾಸಿಗೆ ಇಪ್ಪತ್ತೇಳು ಸಾವಿರ ಕಿಲೋಮೀಟರ್."

ಕೊನೆಯ ಎಂಟು ವರ್ಷ ಸ್ಪೀಡ್ ಲಾಕ್ ಹಾಕಿದ ಬಸ್ಸು ಓಡಿಸಿದ್ದ ರಾಮಣ್ಣನವರ ಬಲಗಾಲು ತಾನಾಗಿ ಬ್ರೇಕು ಒತ್ತಿತು.

"ಡ್ರೈವರ್ ಯಾರು?"

"ಯಾರೂ ಇಲ್ಲಪ್ಪಾ."

"ಎಷ್ಟು ಗಾಡಿ ಅದಾವ?"

"ಸಾವಿರಗಟ್ಲೆ. ಒಂದು ಮುಂದ ಹೋಗಿ ಕಣ್ಮರಿ ಆಗೂದ್ರಾಗ ಹಿಂದಿಂದು ಬಂದು ನಮ್ಮನ್ನ ಹಿಡಕೊಂತೈತಿ."

ಓಡುವ ಬಸ್ಸಿನಿಂದ ಓಡುವ ಬಸ್ಸಿಗೆ ಪ್ಯಾಸೆಂಜರನ್ನು ದಾಟಿಸಿದ ಹಾಗೆ, ಎಂದು ರಾಮಣ್ಣನವರು ಮನಸ್ಸಿನಲ್ಲೇ ಅರ್ಥ ಮಾಡಿಕೊಂಡರು. ಅದೂ ಚಿಲ್ಲರೆ ಕೇಳದೆ.

"ಒಂದಕ್ಕೊಂದು ತಾಗಂಗಿಲ್ಲೇನು?" ಕೇಳುವಾಗ ಅವರ ದನಿ ಸಣ್ಣಗಾಗಿತ್ತು.

"ತಾಗದಂಗ ತಾವ ಸರಕೊಂತಾವ."

ರಾಮಣ್ಣನವರು ಮಾಳಿಗೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ತಲೆಯ ಮೇಲೆ ಬರಿಯ ನೀಲಿ. ಒಂದು ಹದ್ದು ಸುತ್ತುತ್ತಿತ್ತು. ಅದರಾಚೆ ಸಾವಿರಗಟ್ಟಲೆ ಗಾಡಿಗಳು, ಡ್ರೈವರಿಲ್ಲದೆ, ಹಾರನ್ನಿಲ್ಲದೆ, ಒಂದಕ್ಕೊಂದು ತಾಗದೆ ಓಡುತ್ತಿವೆ. ಅವುಗಳಲ್ಲಿ ಯಾವುದಕ್ಕೂ ಯಾರೂ ಪದಕ ಕೊಟ್ಟಿಲ್ಲ. ಹೆಮ್ಮೆಯೂ ನಾಚಿಕೆಯೂ ಒಟ್ಟಿಗೆ ಆದಾಗ ಮನುಷ್ಯ ಏನು ಮಾಡುತ್ತಾನೋ ಅವರೂ ಅದನ್ನೇ ಮಾಡಿದರು. ಕೈಮುಗಿದರು.

ಆ ಸಂಜೆ ಮಗಳ ಕೆಲಸ ಮುಗಿದ ಮೇಲೆ ಜರಡಿ ಹಿಡಿದು ಒಬ್ಬರೇ ರಸ್ತೆಗಿಳಿದರು. ಬ್ರೇಕು ಒತ್ತಿದರು. ಬಸ್ಸು ನಿಂತಿತು. ಇಷ್ಟೇ. ಆದರೆ ಒತ್ತಿದಾಗಲೇ ನಿಂತಿತ್ತು! ಬೆರಳಿನ ಮಾತು ಗೋಡೆ ದಾಟಿ, ತಾಟು ಹತ್ತಿ, ಐನೂರೈವತ್ತು ಕಿಲೋಮೀಟರ್ ಮೇಲೆ ಓಡುತ್ತಿರುವ ಗಾಡಿಗೆ ಹೋಗಿ, ಅಲ್ಲಿಂದ ಭೂಮಿಯ ಮೇಲಿನ ಯಾವುದೋ ಊರಿಗಿಳಿದು, ಬಂದ ದಾರಿಯಲ್ಲೇ ಹಿಂತಿರುಗಿ ಬಂದಿತ್ತು. ಇವರು ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಅಂಥ ನಾಲ್ಕು ಟ್ರಿಪ್ಪು. ಕೊಟ್ಟೂರಿನಿಂದ ಕೂಡ್ಲಿಗಿಗೆ ದಿನಕ್ಕೆ ನಾಲ್ಕು ಟ್ರಿಪ್ಪು ಮಾಡಿ ಸೊಂಟ ಹಿಡಿದುಕೊಂಡು ಮಲಗುತ್ತಿದ್ದ ಮನುಷ್ಯ ರೋಮಾಂಚನಗೊಂಡು ಇನ್ನೂ ಹತ್ತು ಸಲ ಬ್ರೇಕು ಒತ್ತಿ ನೋಡಿದರು.

ಮರುವಾರ ಗುರುಬಸವರಾಜನಿಗೆ ಫೋನು ಹೋಯಿತು.

"ಗುರುಬಸವರಾಜಪ್ಪಾರ, ಒಂದು ಅವಕಾಶ ಕೊಡ್ರಿ. ಗಾಡಿ ಈಗ ಸುದ್ದ ಆಗೈತ್ರಿ."

"ರಾಮಣ್ಣಾರ, ನಿಮ್ಮ ವಯಸ್ಸಿಗೆ ಮರ್ಯಾದಿ ಕೊಡತೀನ್ರಿ. ಆದ್ರ ನಿಮ್ಮ ಬಸ್ಸಿನ ಮುಂದ ಹೋಗಾಕ ಒಬ್ಬರೂ ಒಪ್ಪವಲ್ರು. ಆಯುಧಪೂಜಿ ದಿನ ನಾಕಕ್ಕ ದೊಡ್ಡ ಓಟ ಐತಿ. ಬರ್ರಿ. ನಿಮ್ಮ ಮುಂದ ನಾನ ಇರತೀನಿ. ಎರಡು ಸಲ ತಾಗಿತೋ, ಮತ್ತ ಫೋನು ಮಾಡಬ್ಯಾಡ್ರಿ," ಎಂದ.

ಆಯುಧಪೂಜೆಯ ದಿನ ಕ್ರಾಂತಿ ಗೆಳತಿಯ ಮನೆಗೆಂದು ಬೆಳಿಗ್ಗೆಯೇ ಕೂಡ್ಲಿಗಿಗೆ ಹೋಗಿದ್ದಳು. ರಾಮಣ್ಣನವರಿಗೆ ಡಿಪೋ ನೆನಪಾಯಿತು. ಮೂವತ್ತೆರಡು ವರ್ಷ ಪ್ರತಿ ಆಯುಧಪೂಜೆಗೆ ಬಸ್ಸು ತೊಳೆದು, ಬಾನೆಟ್ಟಿಗೆ ಹಾರ ಹಾಕಿ, ಎಡಕ್ಕೊಂದು ಬಲಕ್ಕೊಂದು ಬಾಳೆಕಂದು ಕಟ್ಟಿದ ಕೈ. ಈ ವರ್ಷ ಕಟ್ಟಲು ಬಸ್ಸಿಲ್ಲ ಎಂದು ಯಾರು ಹೇಳಿದ್ದು? ಮಾಳಿಗೆ ಹತ್ತಿದರು. ತಾಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ವಿಭೂತಿ ಎಳೆದು ಕುಂಕುಮವಿಟ್ಟರು. ಮುಂದೆಂದಾದರೂ ಮೇಲೊಂದು ಕೋಣೆ ಕಟ್ಟಿಸಿಯೇವು ಎಂದು ಮಾಳಿಗೆಯ ಮೂಲೆಯಲ್ಲಿ ಹಾಗೇ ಬಿಟ್ಟಿದ್ದ ಕಬ್ಬಿಣದ ಸರಳುಗಳು ತಾಟಿನ ಎರಡೂ ಪಕ್ಕಕ್ಕಿದ್ದವು. ಅವಕ್ಕೆ ಆಳೆತ್ತರ ಮೀರಿದ ಎರಡು ಬಾಳೆಕಂದುಗಳನ್ನು ತಂತಿಯಿಂದ ಬಿಗಿದರು. ನಾಲ್ಕು ಕಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟ ಮೇಲೆ ಮಾತ್ರ ಗೊಂದಲವಾಯಿತು. ಬಸ್ಸಾದರೆ ನಿಂಬೆಹಣ್ಣಿನ ಮೇಲೆ ಹತ್ತಿಸಿ ಮುಂದೆ ಬಿಡಬಹುದು. ಇದನ್ನು ಎಲ್ಲಿಗೆ ಬಿಡುವುದು? ಕೊನೆಗೆ ಒಂದೊಂದನ್ನೂ ತಾವೇ ಹಿಮ್ಮಡಿಯಿಂದ ಒತ್ತಿ ಒಡೆದರು.

ಕನಕಮ್ಮನವರು ಆರತಿ ಎತ್ತಿ, "ಈಗ ನೋಡ್ರಿ ಎಷ್ಟು ಲಕ್ಷಣ ಆತು. ಮದಿವಿ ಚಪ್ಪರ ಇದ್ದಂಗ ಐತಿ," ಎಂದರು.

ನಾಲ್ಕಕ್ಕೆ ಹಡಗಲಿಯಿಂದ ಹನ್ನೆರಡು ಬಸ್ಸು ಹೊರಟವು. ಮುಂದೆ ಗುರುಬಸವರಾಜ, ಎರಡನೆಯದು ರಾಮಣ್ಣ, ಅವರ ಹಿಂದೆ ದೇವಿ. ಮನೆಗೆ ಬಂದಿದ್ದ ಕ್ರಾಂತಿ ತಂದೆಯ ಪಕ್ಕದಲ್ಲೇ ಕೂತಳು.

"ರೈಟ್, ರೈಟ್!" ಎಂದು ದೇವಿ ಕೂಗಿದಳು. ಕಂಡಕ್ಟರನ ಈ ಮಂತ್ರವನ್ನು ಹಿಂದೊಮ್ಮೆ ರಾಮಣ್ಣನವರೇ ಅವಳಿಗೆ ಕಲಿಸಿದ್ದರು. ಸಮುದ್ರದಾಚೆಯ ದನಿ ಕಿವಿಯಲ್ಲಿ ಪಕ್ಕದ ಮನೆಯವಳದಂತೆ ಕೇಳಿಸಿತು.

ಅರ್ಧ ತಾಸು ರಾಮಣ್ಣನವರು ಹೂವಿನ ಮೇಲೆ ಓಡಿಸಿದಂತೆ ಓಡಿಸಿದರು. ಒಂದೇ ತೊಂದರೆ. ಗುರುಬಸವರಾಜ ತನ್ನ ನಕ್ಷೆಯಲ್ಲಿ ಅಂಗಡಿ, ಗುಡಿ, ಬಸ್ ಸ್ಟ್ಯಾಂಡು ಎಲ್ಲ ಕಟ್ಟಿ, ಹಂಪ್ಸ್ ಹಾಕುವುದನ್ನು ಮರೆತಿದ್ದ. ನಕ್ಷೆಯಲ್ಲಿಲ್ಲದ ಹಂಪ್ಸ್ ರಾಮಣ್ಣನವರ ಕಾಲಿನಲ್ಲಿದ್ದವು. ಸರಿಯಾಗಿ ಆ ಜಾಗ ಬಂದಾಗ ಕಾಲಿನ ಜೊತೆ ಹೆಬ್ಬೆರಳೂ ಬ್ರೇಕು ಒತ್ತಿ, ಅವರ ಬಸ್ಸು ತಾನಾಗಿ ನಿಧಾನವಾಗುತ್ತಿತ್ತು. ಮೊದಲೆರಡು ಸಲ ದೇವಿ ಗಾಬರಿಯಾಗಿ ಹಾರನ್ ಹೊಡೆದಳು. ಮೂರನೆಯ ಸಲದಿಂದ, ಇದು ಈ ದೇಶದ ಪದ್ಧತಿ ಇರಬೇಕೆಂದು ತಾನೂ ನಿಧಾನ ಮಾಡತೊಡಗಿದಳು.

ಹಗರಿಬೊಮ್ಮನಹಳ್ಳಿ ಹತ್ತಿರ ಬಂದಿತ್ತು. ಇದ್ದಕ್ಕಿದ್ದಂತೆ ಪರದೆ ಕಲ್ಲಾಯಿತು. ಮೂರು ಸೆಕೆಂಡು. ಮತ್ತೆ ಜೀವ ಬಂದಾಗ ರಾಮಣ್ಣನವರ ಬಸ್ಸಿನ ಮೂತಿ ಗುರುಬಸವರಾಜನ ಬಸ್ಸಿನ ಹಿಂಬದಿಗೆ ಅಂಟಿಕೊಂಡಿತ್ತು.

"ಒಂದು!" ಎಂದ ಗುರುಬಸವರಾಜ.

ರಾಮಣ್ಣನವರು ಬಸ್ಸನ್ನು ನಾಲ್ಕು ಮಾರು ಹಿಂದೆ ಬಿಟ್ಟುಕೊಂಡರು. ಕೊಟ್ಟೂರು ತಲುಪುವುದರೊಳಗೆ ಇನ್ನೂ ಎರಡು ಸಲ ಪರದೆ ಕಲ್ಲಾಯಿತು. ಎರಡೂ ಸಲ ಮುಂದೆ ಜಾಗ ಹೆಚ್ಚು ಬಿಟ್ಟಿದ್ದರಿಂದ ಬಚಾವಾದರು. ಕೊಟ್ಟೂರು ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಲುಗಡೆ. ಕ್ರಾಂತಿ ತನ್ನ ಮೊಬೈಲಿನಲ್ಲಿ ತಾಟಿನ ಲೆಕ್ಕ ತೆರೆದು ನೋಡಿದಳು. ಅದರಲ್ಲಿ ಆಕಾಶದ ಒಂದು ಚಿತ್ರವಿರುತ್ತದೆ. ತೆರೆದ ಆಕಾಶ ನೀಲಿ, ಏನಾದರೂ ಅಡ್ಡ ಬಂದ ಜಾಗ ಕೆಂಪು. ನಿನ್ನೆಯವರೆಗೆ ಪೂರ್ತಿ ನೀಲಿಯಿದ್ದ ಆಕಾಶದಲ್ಲಿ ಇವತ್ತು ಎಡಕ್ಕೊಂದು ಬಲಕ್ಕೊಂದು ಕೆಂಪು ಕಂಬ ನಿಂತಿತ್ತು.

"ಅಪ್ಪಾ, ಮಾಳಿಗಿ ಮ್ಯಾಲೆ ಏನ್ ಮಾಡೀ?"

"ಏನಿಲ್ಲವ್ವಾ. ಪೂಜಿ ಮಾಡೀನಿ."

"ಪೂಜಿಗೆ ಏನ್ ಕಟ್ಟೀ?"

ರಾಮಣ್ಣನವರು ಹೇಳಿದರು. ಕ್ರಾಂತಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಐನೂರೈವತ್ತು ಕಿಲೋಮೀಟರ್ ಸಲೀಸಾಗಿ ಇಳಿದು ಬಂದ ಮಾತು, ಕೊನೆಯ ಐದಡಿಯಲ್ಲಿ ಬಾಳೆ ಎಲೆಗೆ ಸಿಕ್ಕಿ ಒದ್ದಾಡುತ್ತಿತ್ತು.

ಆಗ ರಾಮಣ್ಣನವರು ಮಾಡಿದ್ದನ್ನು ಹೇಳಬೇಕು. ನಾವು ನೀವಾಗಿದ್ದರೆ, ಇನ್ನೇನು ಇಪ್ಪತ್ತೆರಡು ಕಿಲೋಮೀಟರ್, ನಡೆಯಲಿ ಎಂದು ಹೊರಟುಬಿಡುತ್ತಿದ್ದೆವು. ತಾಗಿದರೆ ನೆಟ್‌ವರ್ಕನ್ನು ಬೈಯುತ್ತಿದ್ದೆವು. ಅವರು ಮೈಕಿನಲ್ಲಿ ಹೇಳಿದರು:

"ಗುರುಬಸವರಾಜಪ್ಪಾರ, ನನ್ನ ಗಾಡಿ ಫಿಟ್ ಇಲ್ರಿ. ಫಿಟ್ ಇಲ್ಲದ ಗಾಡಿನ ನಾನು ರೋಡಿಗೆ ತಗಿಯಂಗಿಲ್ಲ. ನೀವು ಹೊಂಡ್ರಿ."

"ಹಿಂದ ಉಳಿದ್ರ ಓಟ ಮುಗಿದಂಗಲ್ರಿ, ರಾಮಣ್ಣಾರ. ನಿಮಗ ಇದ ಕಡೀ ಅವಕಾಶ."

"ಗೊತ್ತೈತ್ರಿ."

ಕ್ರಾಂತಿ ಅದನ್ನು ದೇವಿಗಾಗಿ ಇಂಗ್ಲಿಷಿಗೆ ತಿರುಗಿಸಿದಳು. ಆಮೇಲೆ ದೇವಿ ತನ್ನ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಏನೋ ಹೇಳಿದಳು. "ನಿಮ್ಮನ್ನ ಬಿಟ್ಟು ಹೊಂಡಂಗಿಲ್ಲ ಅಂತಾಳಪ್ಪಾ," ಎಂದು ಕ್ರಾಂತಿ ತಿಳಿಸಿದಳು.

"ನಾನು ಚಾ ಕುಡಿದು ಬರತೀನಿ. ಹತ್ತು ನಿಮಿಷ. ಯಾರೂ ಹೊಂಡಬ್ಯಾಡ್ರಿ," ಎಂದ ಗುರುಬಸವರಾಜ.

ತಾಯಿ ಮಗಳು ಮಾಳಿಗೆಗೆ ಓಡಿದರು. ಕ್ರಾಂತಿ ಬಾಳೆಕಂದಿನ ತಂತಿಗೆ ಕೈ ಹಾಕಿದ್ದೇ ಕನಕಮ್ಮ ತಡೆದರು.

"ಮುಟ್ಟಬ್ಯಾಡ! ಪೂಜಿಗೆ ಕಟ್ಟಿದ್ದನ್ನ ಅವತ್ತ ಬಿಚ್ಚತಾರೇನು? ನಾಳೆ ಬನ್ನಿ ಕೊಟ್ಟ ಮ್ಯಾಲೆ ಬಿಚ್ಚೂದು."

"ಅವ್ವಾ, ಕೆಳಗ ಅಪ್ಪನ ಮಾನ ಹೊಂಟೈತಿ!"

ಕನಕಮ್ಮನವರು ಬಾಳೆಯನ್ನು ನೋಡಿದರು, ತಾಟನ್ನು ನೋಡಿದರು. "ಬಾಳಿ ಬಿಚ್ಚಬಾರ್ದು ಅಂದೆ. ತಾಟು ಎತ್ತಬಾರ್ದು ಅಂದೆನೇನು?" ಎಂದವರೇ ಸೆರಗು ಸಿಕ್ಕಿಸಿ, ತಾಟನ್ನು ಕಾಲು ಸಮೇತ ಎತ್ತಿ ಎದುರಿನ ಮೂಲೆಗೆ ನಡೆದರು. ವೈರು ಸರಿಯಾಗಿ ಅಲ್ಲಿಯವರೆಗೆ ಸಾಕಾಯಿತು. ಆದರೆ ಆ ಮೂಲೆ ಮಳೆನೀರು ಹರಿಯಲೆಂದು ಇಳಿಜಾರು ಮಾಡಿದ್ದು. ತಾಟು ನಿಲ್ಲದೆ ವಾಲಿತು.

"ನಾನು ಹಿಡಕೊಂತೀನಿ, ನೀ ಹೋಗು," ಎಂದು ಕನಕಮ್ಮ ಅದರ ಕಾಲು ಹಿಡಿದು ಕೂತರು.

"ಅಲುಗಿಸಬ್ಯಾಡವ್ವಾ. ಮತ್ತ ತಲಿ ಎತ್ತಬ್ಯಾಡ. ನಿನ್ನ ತಲಿ ಅಡ್ಡ ಬಂದ್ರ ಅದೂ ಬಾಳಿಗಿಡ ಇದ್ದಂಗ."

ತಾಟು ಹೊಸ ಜಾಗದಿಂದ ಮತ್ತೆ ಆಕಾಶವನ್ನು ಹುಡುಕಿಕೊಳ್ಳಲು ಎರಡು ನಿಮಿಷ ತೆಗೆದುಕೊಂಡಿತು. ಮಗಳ ಮೊಬೈಲಿನಲ್ಲಿ ನೀಲಿ ತುಂಬಿತು.

"ಗಾಡಿ ಫಿಟ್ ಐತ್ರಿ," ಎಂದರು ರಾಮಣ್ಣ.

"ರೈಟ್, ರೈಟ್," ಎಂದಳು ದೇವಿ.

ಕೊಟ್ಟೂರು ಬಿಟ್ಟ ಮೇಲೆ ರಾಮಣ್ಣನವರ ಮೈಯಲ್ಲಿ ಏನೋ ಆಯಿತು. ಮೂವತ್ತೆರಡು ವರ್ಷ ಅವರು ಈ ರಸ್ತೆಯನ್ನು ನೋಡಿದ್ದರು, ಆಕಾಶವನ್ನಲ್ಲ. ಈಗ ಎದುರಿಗೆ ರಸ್ತೆ, ಬೆನ್ನಿಗೆ ಆಕಾಶ. ಹೆಬ್ಬೆರಳು ಒತ್ತಿದಷ್ಟಕ್ಕೂ ಮೇಲೊಂದು ಗಾಡಿ ಕೈಚಾಚಿ ಹಿಡಿದು ಹಿಂದಿನ ಗಾಡಿಗೆ ಕೊಡುತ್ತಿದೆ, ಅದು ಅದರ ಹಿಂದಿನದಕ್ಕೆ. ಒಂದೂ ತಪ್ಪುತ್ತಿಲ್ಲ. ಅರಸೀಕೆರೆಯ ಗೊಬ್ಬರದಂಗಡಿ, ಕರಿಗುಂಡಿನಹಳ್ಳಿಯ ಮಂಚ, ಹೆಸರು ತಿಳಿಯದ ದ್ವೀಪದ ಒಂದು ಕೋಣೆ, ಮೂರೂ ಒಂದೇ ಡಾಂಬರಿನ ಮೇಲೆ ಸಾಲಾಗಿ ಹೋಗುತ್ತಿವೆ. ಹಳೆಯ ಹಂಪ್ಸಿನ ಜಾಗ ಬಂತು. ರಾಮಣ್ಣ ನಿಧಾನ ಮಾಡಿದರು. ದೇವಿ ಮಾಡಿದಳು. ಅವಳ ಹಿಂದಿನ ಒಂಬತ್ತೂ ಬಸ್ಸು, ಇಲ್ಲದ ಹಂಪ್ಸಿಗೆ ತಲೆಬಾಗಿ, ಒಂದೊಂದಾಗಿ ದಾಟಿದವು.

ಕೂಡ್ಲಿಗಿಗೆ ಇನ್ನೆರಡು ತಿರುವು ಇರುವಾಗ ಅಡ್ಡರಸ್ತೆಯಿಂದ ಆಟದ ಲಾರಿಯೊಂದು ನುಗ್ಗಿತು. ಗುರುಬಸವರಾಜ ಬ್ರೇಕು ಹೊಡೆದ. ಅವನ ಹಿಂದಿನ ಕೆಂಪು ದೀಪ ಹೊತ್ತಿದ್ದನ್ನು ರಾಮಣ್ಣನವರು ಕಂಡರೋ, ಕಾಣುವ ಮೊದಲೇ ಹೆಬ್ಬೆರಳು ಒತ್ತಿತೋ, ಅದನ್ನು ಅವರು ಇವತ್ತಿಗೂ ಹೇಳಲಾರರು. ಬಸ್ಸು ನಿಂತಿತು. ಎರಡು ಬಸ್ಸಿನ ನಡುವೆ ಒಂದು ಕುರಿ ಅಡ್ಡ ನಿಲ್ಲುವಷ್ಟು ಜಾಗ ಉಳಿದಿತ್ತು.

ಗುರುಬಸವರಾಜ ಏನನ್ನೂ ಎಣಿಸಲಿಲ್ಲ. ಕೂಡ್ಲಿಗಿ ಸ್ಟ್ಯಾಂಡಿನೊಳಗೆ ಹನ್ನೆರಡೂ ಬಸ್ಸು ಸಾಲಾಗಿ ನಿಂತ ಮೇಲೆ, "ರಾಮಣ್ಣಾರ, ಬರೋ ವಾರ ನೀವು ಮುಂದ ಹೋಗ್ರಿ. ನಾ ಹಿಂದ ಬರತೀನಿ," ಎಂದ. "ಮತ್ತ ಆ ಹಂಪ್ಸ್ ಎಲ್ಲೆಲ್ಲಿ ಅದಾವ ಅಂತ ಬರೆದು ಕೊಡ್ರಿ. ನಕ್ಷೆಗೆ ಹಾಕತೀನಿ."

ರಾಮಣ್ಣನವರು ಜರಡಿಯನ್ನು ಮಂಚದ ಮೇಲಿಟ್ಟು, ಹಿಡಿದುಹೋಗಿದ್ದ ಕಾಲನ್ನು ಎಳೆಯುತ್ತ ಮಾಳಿಗೆ ಹತ್ತಿದರು. ಸಂಜೆಯ ಬಿಸಿಲು ಬಂಡೆಗಳ ಮೇಲೆ ಕೆಂಪಾಗಿತ್ತು. ಇಳಿಜಾರಿನ ಮೂಲೆಯಲ್ಲಿ ಕನಕಮ್ಮನವರು ತಾಟಿನ ಕಾಲನ್ನು ಎರಡೂ ಕೈಯಿಂದ ಹಿಡಿದು, ತಲೆಯನ್ನು ಮೊಣಕಾಲಿನ ನಡುವೆ ಹುದುಗಿಸಿ ಕೂತಿದ್ದರು. ಓಟ ಮುಗಿಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಇರುವೆ ಅವರ ಮುಂಗೈ ಮೇಲೆ ಹರಿಯುತ್ತಿತ್ತು, ಅದನ್ನೂ ಕೊಡವಿರಲಿಲ್ಲ.

ಹೆಜ್ಜೆಯ ಸಪ್ಪಳ ಕೇಳಿ, ತಲೆ ಎತ್ತದೆಯೇ, "ತಾಗಿತೇನ್ರಿ?" ಎಂದರು.

"ಇಲ್ಲ."

"ಹಂಗಾರ ಈಗ ತಲಿ ಎತ್ಲೇನು?"

ಆಕಾಶದ ಸಾವಿರ ಗಾಡಿಗಳನ್ನು ಕಂಡು ಕೈಮುಗಿದಿದ್ದ ರಾಮಣ್ಣನವರಿಗೆ ಇಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೆಂಡತಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ತಾಟಿನ ಕಾಲನ್ನು ತಾವೂ ಹಿಡಿದರು.

"ಎತ್ತು," ಎಂದರು.